ಬಳ್ಳಾರಿ ಸೀಮೆಯ ಉಪಾಧ್ಯಾಯರ ಜೀವನೋಪಾಯ

ಒಂದು ಸೀಮೆಯಲ್ಲಿ ವಿದ್ಯೆಯು ಬೆಳೆಯಿತೋ ಕುಗ್ಗಿತೋ ಎಂಬುದನ್ನು ನಿರ್ಣಯಿಸುವುದಕ್ಕೆ ಅಲ್ಲಿನ ಶಾಲೆಗಳನ್ನು ಎಣಿಸಿದರೆ ಸಾಲದು; ಕಲಿಸುವವನ ಸಂಸಾರವು ಹೇಗೆ ನಡೆಯಿತೆಂಬುದನ್ನೂ ವಿಚಾರಿಸಬೇಕು. ಇಂತಹ ವಿಚಾರಕ್ಕೆ ಬಳ್ಳಾರಿ ಜಿಲ್ಲೆಯ ಹಳೆಯ ಬರಹಗಳಲ್ಲಿ ಒಳ್ಳೆಯ ಆಧಾರವಿರುವುದು.

ಮದರಾಸಿನ ಗವರ್ನರಾಗಿದ್ದ ಸರ್ ಥಾಮಸ್ ಮನ್ರೋ ಸಾಹೇಬರು 1822ರಲ್ಲಿ ದೇಶೀಯ ಶಾಲೆಗಳ ಲೆಕ್ಕವನ್ನು ಕಳುಹಿಸುವಂತೆ ಕಲೆಕ್ಟರರಿಗೆಲ್ಲ ಬರೆದರು. ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಬೆಲ್ ಸಾಹೇಬರು 1823ರ ಆಗಸ್ಟಿನಲ್ಲಿ ಕೊಟ್ಟ ಉತ್ತರದ ಪ್ರಕಾರ ಜಿಲ್ಲೆಯಲ್ಲಿ 533 ಶಾಲೆಗಳೂ 6,641 ವಿದ್ಯಾರ್ಥಿಗಳೂ ಇದ್ದರು. ಅನಂತಪುರದ ಪ್ರಾಂತವೂ ಆಗ ಬಳ್ಳಾರಿಗೇ ಸೇರಿದ್ದುದರಿಂದ ಕನ್ನಡ ಶಾಲೆಗಳು 235, ತೆಲುಗು ಶಾಲೆಗಳು 226 ಇದ್ದವು. ಉಳಿದವು ಮರಾಠಿ, ಸಂಸ್ಕೃತ, ಪಾರಸಿ ಮೊದಲಾದವು.

ಸರಾಸರಿ ನೋಡಿದರೆ ಒಂದು ಶಾಲೆಗೆ ಹನ್ನೆರಡು ಹದಿಮೂರು ಮಕ್ಕಳು. ಈ ಕೆಲವು ಮನೆಗಳವರು ಕೊಟ್ಟುದೇ ಅಯ್ಯನವರ ಜೀವನಕ್ಕೆ ಆಧಾರ. ಹಿಂದಿನ ಅರಸರು ವಿದ್ಯೆಗಾಗಿ ಧನವನ್ನೂ ಭೂಮಿಯನ್ನೂ ಕೊಡುತ್ತಿದ್ದರು; ಆದರೆ ಈ 533 ಶಾಲೆಗಳಲ್ಲಿ ಒಂದಕ್ಕಾದರೂ ಸರಕಾರದ ಸಹಾಯವಿಲ್ಲವೆಂದು ಕ್ಯಾಂಬೆಲ್ ಸಾಹೇಬರು ನಾಚಿಕೆಯಿಂದಲೇ ಒಪ್ಪಿಕೊಂಡಿದ್ದಾರೆ. ಶಾಲೆಗಳು ಕ್ಷೀಣಿಸಿದ ಕಾರಣವನ್ನೂ ಅವರು ಮರೆಮಾಡಲಿಲ್ಲ. ಇಂಗ್ಲೆಂಡಿನ ಬಟ್ಟೆ ಬಂದು ನೇಕಾರರ ಕಸಬು ಕೆಟ್ಟಿತು. ದಂಡು ಬೇರೆಡೆಗೆ ಹೋಯಿತು. ನಾಡಿನ ಹಣ ನಾಡಿನಲ್ಲಿ ನಿಲ್ಲದೆ ಹೊರಗೆ ಹರಿಯಿತು. ಬಡತನ ಹೆಚ್ಚಿದಂತೆ ತಂದೆತಾಯಿಗಳು ಎಳೆಯ ಮಕ್ಕಳನ್ನೇ ದುಡಿಮೆಗೆ ಹಚ್ಚಿದರು. ಮಗ್ಗವು ನಿಂತ ಮನೆಯಿಂದ ಅಯ್ಯನವರಿಗೆ ಕಾಣಿಕೆ ಬರುವುದಾದರೂ ಹೇಗೆ?

ಇದನ್ನು ಮನ್ರೋ ಸಾಹೇಬರು ಚೆನ್ನಾಗಿ ಅರಿತಿದ್ದರು. ಉಪಾಧ್ಯಾಯನ ಸಂಪಾದನೆ ತಿಂಗಳಿಗೆ ಸಾಮಾನ್ಯವಾಗಿ ಆರೇಳು ರೂಪಾಯಿಗೆ ಮೀರದೆಂದೂ, ಅಷ್ಟಕ್ಕೆ ಯೋಗ್ಯರು ಈ ವೃತ್ತಿಗೆ ಬರಲಾರರೆಂದೂ 1826ರ ಟಿಪ್ಪಣಿಯಲ್ಲಿ ಬರೆದು, ತಹಶೀಲುಗಳ ಶಾಲೆಯ ಉಪಾಧ್ಯಾಯರಿಗೆ 9 ರೂಪಾಯಿ, ಜಿಲ್ಲೆಯ ಮುಖ್ಯ ಶಾಲೆಯವರಿಗೆ 15 ರೂಪಾಯಿ ಸಂಬಳವನ್ನು ಸೂಚಿಸಿದರು. ಮರುವರ್ಷವೇ ಅವರು ವಾಂತಿಭೇದಿಯಿಂದ ತೀರಿಕೊಂಡರು. ಯೋಜನೆಯು ಪೂರ್ಣವಾಗಿ ಫಲಿಸದೆ 1836ರಲ್ಲಿ ನಿಂತುಹೋಯಿತು.

1953ರಲ್ಲಿ ಬಳ್ಳಾರಿಯ ಬಹುಭಾಗವು ಮೈಸೂರು ರಾಜ್ಯವನ್ನು ಸೇರಿತು. 2009ರ ಶಿಕ್ಷಣದ ಹಕ್ಕಿನ ಕಾನೂನು ಕೆಳಗಿನ ತರಗತಿಗಳಲ್ಲಿ 30 ಮಕ್ಕಳಿಗೆ ಒಬ್ಬ ಶಿಕ್ಷಕನಿರಬೇಕೆಂದು ವಿಧಿಸಿತು. ಖಾಯಂ ಹುದ್ದೆಗೆ ಸೇರಿದವರಿಗೆ ಇಂದು ತಕ್ಕ ಸಂಬಳವೂ ಭದ್ರತೆಯೂ ಉಂಟು. ಆದರೆ ತೆರವಾದ ಸ್ಥಾನಗಳಲ್ಲಿ ಅತಿಥಿ ಶಿಕ್ಷಕರೆಂಬ ಹೆಸರಿನಿಂದ ಗೌರವಧನಕ್ಕೆ ದುಡಿಯುವವರಿಗೆ ಬರುವ ವರ್ಷದ ಭರವಸೆಯಿಲ್ಲ. ಪದವಿ ಪಡೆದು, ಅರ್ಹತಾ ಪರೀಕ್ಷೆಯಲ್ಲಿ ತೇರ್ಗಡೆಯಾದ ತರುಣನೂ ನೇಮಕದ ಪ್ರಕಟಣೆಯನ್ನು ಕಾದು ಕುಳಿತಿರುವುದುಂಟು.

ಮನ್ರೋ ಸಾಹೇಬರ ಕಾಲದ ಪ್ರಶ್ನೆಯು ಹೀಗೆ ರೂಪಾಂತರ ಹೊಂದಿ ಉಳಿದಿದೆ. ನಿಶ್ಚಿತವಾದ ಜೀವನೋಪಾಯವಿಲ್ಲದ ಕಡೆಗೆ ಯೋಗ್ಯರು ಬಹುಕಾಲ ನಿಲ್ಲುವುದಿಲ್ಲ. ಅವರು ಬಿಟ್ಟುಹೋದ ಶಾಲೆಯಲ್ಲಿ ನಷ್ಟವನ್ನು ಹೊರುವವರು ಮಕ್ಕಳು.