ಬಾಯ್ಲರ್ ಕಾರ್ಖಾನೆಯಿಂದ ಬಂದ ಸ್ಕ್ಯಾನ್

ಇಲ್ಲಿ ಪುಣೆಯಲ್ಲಿ ನನ್ನ ಹೆಂಡತಿಯನ್ನ ಮೊದಲ ಸಲ ಸ್ಕ್ಯಾನಿಂಗಿಗೆ ಕರ್ಕೊಂಡು ಹೋದಾಗ ಪರದೆ ಮೇಲೆ ನನಗೆ ಕಂಡಿದ್ದು ಬರೀ ಬೂದು ಬೂದು. ಡಾಕ್ಟರು "ಇದು ತಲೆ, ಇದು ಬೆನ್ನುಮೂಳೆ" ಅಂತಿದ್ರೆ ನಾನು ಸುಮ್ನೆ ತಲೆಯಾಡಿಸ್ತಿದ್ದೆ. ಈ ತಂತ್ರದ ಮೂಲ ಹುಡುಕ್ತಾ ಹೋದರೆ ಸಿಕ್ಕಿದ್ದು ಒಂದು ಬಾಯ್ಲರ್ ಕಾರ್ಖಾನೆ!

1955ರ ಜುಲೈ 21. ಗ್ಲಾಸ್ಗೋದ ಪ್ರಸೂತಿ ಪ್ರಾಧ್ಯಾಪಕ ಇಯಾನ್ ಡೊನಾಲ್ಡ್, ಆಪರೇಷನ್ನಿನಲ್ಲಿ ತೆಗೆದ ಗಡ್ಡೆಗಳನ್ನ ಎರಡು ಕಾರಿನ ಡಿಕ್ಕಿಯಲ್ಲಿ ತುಂಬಿಕೊಂಡು ಬ್ಯಾಬ್‌ಕಾಕ್ ಅಂಡ್ ವಿಲ್ಕಾಕ್ಸ್ ಕಂಪನಿಯ ಕಾರ್ಖಾನೆಗೆ ಹೋದರು. ಅಲ್ಲಿ ಲೋಹದೊಳಗಿನ ಬಿರುಕು ಹುಡುಕೋ ಯಂತ್ರ ಇತ್ತು. ಹೋಲಿಸಿ ನೋಡೋಕೆ ಅಂತ ಕಂಪನಿಯವರು ಒಂದು ದೊಡ್ಡ ಮಾಂಸದ ತುಂಡನ್ನೂ ಇಟ್ಟಿದ್ದರಂತೆ.

ನಾವು ಸರ್ವರ್‌ಗೆ ಪಿಂಗ್ ಮಾಡ್ತೀವಲ್ಲ, ಆ ಹೆಸರು ಬಂದಿದ್ದು ಸೋನಾರ್ ಶಬ್ದದಿಂದ. ಇಲ್ಲೂ ಅದೇ ಲೆಕ್ಕ. ಕಿವಿಗೆ ಕೇಳದ ಶಬ್ದವನ್ನ ಮೈಯೊಳಗೆ ಕಳಿಸಿ, ಪ್ರತಿಧ್ವನಿ ಎಷ್ಟು ಹೊತ್ತಿಗೆ ಬಂತು ಅಂತ ಅಳೆಯೋದು. ಮೈಯೊಳಗೆ ಶಬ್ದದ ವೇಗ ಸೆಕೆಂಡಿಗೆ ಸುಮಾರು 1540 ಮೀಟರ್. 100 ಮೈಕ್ರೋಸೆಕೆಂಡಿಗೆ ವಾಪಸ್ ಬಂದರೆ ಆಳ 7.7 ಸೆಂಟಿಮೀಟರ್. ನಡುವೆ ಗಾಳಿ ಇದ್ದರೆ ಶಬ್ದ ಅಲ್ಲಿಂದಲೇ ವಾಪಸ್, ಅದಕ್ಕೇ ಆ ತಣ್ಣನೆ ಜೆಲ್ ಹಚ್ಚೋದು. ಗಟ್ಟಿ ಗಡ್ಡೆಯೊಳಗಿಂದ ಚೂರುಪಾರು ಪ್ರತಿಧ್ವನಿ ಬರುತ್ತೆ. ನೀರು ತುಂಬಿದ ಗಡ್ಡೆಯೊಳಗೆ ಬರೀ ಮೌನ.

ಆ ಮೌನವೇ ಒಬ್ಬ ಹೆಂಗಸಿನ ಜೀವ ಉಳಿಸಿತು. ಆಕೆಗೆ ಹೊಟ್ಟೆಯ ಕ್ಯಾನ್ಸರ್, ಆಪರೇಷನ್ ಮಾಡಿ ಪ್ರಯೋಜನವಿಲ್ಲ ಅಂತ ಕೈಬಿಟ್ಟಿದ್ದರು. ಡೊನಾಲ್ಡ್ ತಂಡ ಶಬ್ದ ಹಾಯಿಸಿ ನೋಡಿದರೆ, ಅದು ಅಂಡಾಶಯದ ದೊಡ್ಡ ನೀರುಗಡ್ಡೆ! ತೆಗೆದರು, ಆಕೆ ಬದುಕಿದಳು. ಡೊನಾಲ್ಡ್, ಜಾನ್ ಮೆಕ್‌ವಿಕಾರ್, ಎಂಜಿನಿಯರ್ ಟಾಮ್ ಬ್ರೌನ್ ಮೂವರ ಲೇಖನ 1958ರ ಜೂನ್‌ನಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬಂತು. ಬ್ರೌನ್ ಹೆಸರು ಡಾಕ್ಟರುಗಳಷ್ಟು ಯಾರ ಬಾಯಲ್ಲೂ ಇಲ್ಲ. ನಮ್ಮ ಕಸುಬಿನವರಿಗೆ ಇದೇನು ಹೊಸದಲ್ಲ ಬಿಡಿ.

ಹೆಂಗಸಿನ ಜೀವ ಉಳಿಸಿದ ಇದೇ ಯಂತ್ರವನ್ನ ನಮ್ಮ ದೇಶದಲ್ಲಿ ಹೆಣ್ಣುಮಗು ಹುಟ್ಟದಂತೆ ಮಾಡೋಕೆ ಬಳಸಿದರು. ಮೊದಲು ಕಾನೂನು ತಂದಿದ್ದು 1988ರಲ್ಲಿ ಮಹಾರಾಷ್ಟ್ರ. ದೇಶಕ್ಕೆಲ್ಲ ಕಾನೂನಾಗಿದ್ದು 1994ರಲ್ಲಿ. ಸ್ಕ್ಯಾನಿಂಗ್ ಸೆಂಟರಿನ ಗೋಡೆ ಮೇಲೆ 'ಇಲ್ಲಿ ಲಿಂಗ ಪತ್ತೆ ಮಾಡುವುದಿಲ್ಲ' ಅನ್ನೋ ಬೋರ್ಡು ಇರೋದು ಅದಕ್ಕೇ.

ನನ್ನ ಹೆಂಡತಿ ಕೂಡ 'ಮಗು ಗಂಡೋ ಹೆಣ್ಣೋ ತಿಳಿಯಬೇಕಿಲ್ಲ' ಅನ್ನೋ ಕಾಗದಕ್ಕೆ ಸಹಿ ಹಾಕಿದಳು. ಹೊರಗೆ ಬರೋ ಹೊತ್ತಿಗೆ ಊರಿಂದ ಅಮ್ಮನ ಫೋನು.

"ಏನಂತೋ?"

"ಎಲ್ಲಾ ಸರಿಯಾಗಿದೆಯಂತೆ ಕಣಮ್ಮ."

ಸ್ವಲ್ಪ ಹೊತ್ತು ಸುಮ್ಮನಿದ್ದು, "ಊಟ ಆಯ್ತಾ ನಿಮ್ದು?" ಅಂದಳು.