ಹಾರ್ಟ್ಸ್ ಸಂಘದ ಋಣವಿಮೋಚನೆ

ಒಂದು ಊರಿನ ಜನರು ತಲೆತಲಾಂತರದಿಂದ ತಮ್ಮದೆಂದು ನಂಬಿಕೊಂಡು ಬಂದ ಸಂಸ್ಥೆಯು ಕಾಯಿದೆಯ ದೃಷ್ಟಿಯಲ್ಲಿಯೂ ಅವರದೇ ಆಗಿರಬೇಕೆಂಬ ನಿಯಮವೇನೂ ಇಲ್ಲ. ಸಂಸ್ಥೆಯು ಸುಸ್ಥಿತಿಯಲ್ಲಿರುವವರೆಗೆ ಈ ಭೇದವು ಯಾರ ಗಮನಕ್ಕೂ ಬರುವುದಿಲ್ಲ. ಸಾಲ ಕೊಟ್ಟವರು ಬಾಗಿಲಲ್ಲಿ ಬಂದು ನಿಂತ ದಿನ, ಪ್ರೀತಿಯಿಂದ ಬಂದ ಹಕ್ಕು ಬೇರೆ, ಪತ್ರದಿಂದ ಬಂದ ಹಕ್ಕು ಬೇರೆ ಎಂಬುದು ಬಯಲಾಗುತ್ತದೆ. ಆಗ ಪ್ರೀತಿಯುಳ್ಳವರು ಏನು ಮಾಡಬಲ್ಲರು? ಸ್ಕಾಟ್ಲೆಂಡಿನ ರಾಜಧಾನಿಯಾದ ಎಡಿನ್‌ಬರೋದಲ್ಲಿ ಒಂದು ಕಾಲ್ಚೆಂಡಾಟದ ಸಂಘವನ್ನು ಅದರ ಅಭಿಮಾನಿಗಳು ದಿವಾಳಿಯಿಂದ ಬಿಡಿಸಿಕೊಂಡ ವೃತ್ತಾಂತವು ಈ ಪ್ರಶ್ನೆಗೆ ತಕ್ಕಮಟ್ಟಿನ ಉತ್ತರವನ್ನು ಕೊಡುತ್ತದೆ. ಆಟದಲ್ಲಿ ಆಸಕ್ತಿಯಿಲ್ಲದ ವಾಚಕರಿಗೂ ಇದರಲ್ಲಿ ತಿಳಿಯತಕ್ಕ ಅಂಶಗಳುಂಟು.

ಈ ಸಂಘದ ಪೂರ್ಣ ನಾಮಧೇಯವು 'ಹಾರ್ಟ್ ಆಫ್ ಮಿಡ್‌ಲೋಥಿಯನ್' ಎಂದು. 'ಮಿಡ್‌ಲೋಥಿಯನ್ನಿನ ಹೃದಯ' ಎಂಬುದು ಎಡಿನ್‌ಬರೋದ ಹಳೆಯ ಸೆರೆಮನೆಗೆ ಸಲ್ಲುತ್ತಿದ್ದ ಅಡ್ಡಹೆಸರು. ಆ ಸೆರೆಮನೆಯನ್ನು 1817ರಲ್ಲಿ ಕೆಡವಿದರು. ಮರುವರ್ಷ ಸರ್ ವಾಲ್ಟರ್ ಸ್ಕಾಟನು ಅದೇ ಹೆಸರಿನ ಕಾದಂಬರಿಯನ್ನು ಪ್ರಕಟಿಸಿದುದರಿಂದ ಹೆಸರು ಚಿರಸ್ಥಾಯಿಯಾಯಿತು. ಸೆರೆಮನೆಯಿದ್ದ ಸ್ಥಳದಲ್ಲಿ ಬೀದಿಯ ಕಲ್ಲುಗಳನ್ನೇ ಹೃದಯದ ಆಕಾರದಲ್ಲಿ ಜೋಡಿಸಿದ್ದಾರೆ. ಸಂಘದ ಲಾಂಛನವೂ ಅದನ್ನೇ ಅನುಸರಿಸಿದುದು. 1874ರಲ್ಲಿ ಹುಟ್ಟಿದ ಈ ಸಂಘವು 1886ರಿಂದ ನಗರದ ಪಶ್ಚಿಮಕ್ಕಿರುವ ಗಾರ್ಗಿ ಎಂಬ ಕಡೆಯ ಟೈನ್‌ಕಾಸಲ್ ಮೈದಾನದಲ್ಲಿ ಆಡುತ್ತಿದೆ. ಜನರು ಅದನ್ನು ಬಳಕೆಯಲ್ಲಿ ಕರೆಯುವುದು 'ಹಾರ್ಟ್ಸ್' ಎಂದೇ.

ಊರಿಗೂ ಸಂಘಕ್ಕೂ ಇದ್ದ ನಂಟು ಎಂತಹುದೆಂಬುದನ್ನು ಅರಿಯಲು 1914ನೆಯ ಇಸವಿಯನ್ನು ನೆನೆಯಬೇಕು. ಆ ವರ್ಷ ಹಾರ್ಟ್ಸ್ ತಂಡವು ಲೀಗ್ ಪಂದ್ಯಗಳಲ್ಲಿ ಎಲ್ಲರಿಗಿಂತಲೂ ಮುಂದಿದ್ದಿತು. ಅಷ್ಟರಲ್ಲಿ ಮಹಾಯುದ್ಧವು ಆರಂಭವಾಗಿದ್ದಿತು. ದೇಶದ ತರುಣರು ರಣರಂಗದಲ್ಲಿ ಸಾಯುತ್ತಿರುವಾಗ ಇವರು ಚೆಂಡನ್ನೊದೆಯುತ್ತಿರುವುದು ಸಲ್ಲದೆಂಬ ನಿಂದೆ ಕೇಳಿಬರುತ್ತಿದ್ದಿತು. ನವೆಂಬರಿನಲ್ಲಿ ಸರ್ ಜಾರ್ಜ್ ಮೆಕ್ರೇ ಎಂಬವರು ಕಟ್ಟುತ್ತಿದ್ದ ರಾಯಲ್ ಸ್ಕಾಟ್ಸ್ ಸೈನ್ಯದ 16ನೆಯ ಬೆಟಾಲಿಯನ್ನಿಗೆ ಹಾರ್ಟ್ಸ್‌ನ 11 ಮಂದಿ ಆಟಗಾರರು ಒಟ್ಟಿಗೆ ಸೇರಿದರು. ಅವರನ್ನು ಹಿಂಬಾಲಿಸಿ ನೂರಾರು ಮಂದಿ ಅಭಿಮಾನಿಗಳೂ ಹೆಸರು ಕೊಟ್ಟರು. ಲೀಗ್ ಪ್ರಶಸ್ತಿಯು ಕೈತಪ್ಪಿತು. 1916ರ ಜುಲೈ 1ರಂದು, ಸೋಮ್ ಕದನದ ಮೊದಲ ದಿನವೇ, ಮೂವರು ಆಟಗಾರರು ಮಡಿದರು. ಯುದ್ಧವು ಮುಗಿಯುವ ವೇಳೆಗೆ ಸಂಘವು ತನ್ನ 7 ಮಂದಿಯನ್ನು ಕಳೆದುಕೊಂಡಿದ್ದಿತು. 1922ರಲ್ಲಿ ಹೇಮಾರ್ಕೆಟ್ ಎಂಬಲ್ಲಿ ಅವರ ಸ್ಮಾರಕವನ್ನು ನಿಲ್ಲಿಸಿದರು. ಆಟ ನೋಡುವವನೂ ಆಡುವವನೂ ಒಂದೇ ಪಡೆಯಲ್ಲಿ ನಿಂತು ಸತ್ತ ಮೇಲೆ, ಊರಿನವರು ಆ ಸಂಘವನ್ನು ಬರಿಯ ವ್ಯಾಪಾರದ ಕಂಪೆನಿಯೆಂದು ಎಣಿಸುವುದಾದರೂ ಹೇಗೆ? ಆದರೆ ಕಾಯಿದೆಯ ಪ್ರಕಾರ ಅದು ಕಂಪೆನಿಯೇ ಸರಿ. ಷೇರುಗಳು ಯಾರ ಕೈಯಲ್ಲಿ ಹೆಚ್ಚಾಗಿದ್ದುವೋ ಅವರೇ ಯಜಮಾನರು.

ಆ ಯಜಮಾನರಲ್ಲಿ ಬಗೆಬಗೆಯವರಿದ್ದರು. 1981ರಲ್ಲಿ ವಾಲಸ್ ಮರ್ಸರ್ ಎಂಬವರು ಕಷ್ಟದಲ್ಲಿದ್ದ ಸಂಘವನ್ನು ಕೈಗೆ ತೆಗೆದುಕೊಂಡು ನಿಲ್ಲಿಸಿದರು. ಅವರೇ 1990ರಲ್ಲಿ ಅದೇ ನಗರದ ಪ್ರತಿಸ್ಪರ್ಧಿಯಾದ ಹಿಬರ್ನಿಯನ್ ಸಂಘವನ್ನು ಕೊಂಡು ಎರಡನ್ನೂ ಒಂದುಗೂಡಿಸಲು ಹೊರಟರು. ಲೆಕ್ಕದ ಪುಸ್ತಕದಲ್ಲಿ ಇದು ಚೆಲುವಾಗಿ ಕಂಡಿರಬಹುದು. ಹಿಬರ್ನಿಯನ್ನಿನ ಜನರಿಗೆ ಅದು ಹುಟ್ಟೂರನ್ನು ನಕ್ಷೆಯಿಂದ ಅಳಿಸಿದಂತೆ ಕಂಡಿತು. ಅವರು ಸಭೆ ಸೇರಿ, ಮೆರವಣಿಗೆ ಹೊರಟು, ಹಠ ಹಿಡಿದು ನಿಂತರು. ಉಳಿದ ಷೇರುದಾರರು ಮಾರಲೊಪ್ಪಲಿಲ್ಲ. ಬೇಕಾಗಿದ್ದ ನೂರಕ್ಕೆ 75 ಪಾಲು ದೊರೆಯದೆ ಯೋಜನೆಯು ಮುರಿದುಬಿದ್ದಿತು. ಜನರ ಕೂಗು ಷೇರಿನ ಲೆಕ್ಕವನ್ನು ಮುಟ್ಟಿದಾಗಲೇ ಫಲಿಸಿತೆಂಬುದನ್ನು ಇಲ್ಲಿ ಗಮನಿಸಬೇಕು. ಹಾರ್ಟ್ಸ್‌ನವರು ಈ ಪಾಠವನ್ನು ತಮ್ಮ ಸರದಿ ಬಂದಾಗ ಕಲಿತರು.

2004ರ ವೇಳೆಗೆ ಹಾರ್ಟ್ಸ್‌ನ ಸಾಲವು ಬೆಳೆದು, ಟೈನ್‌ಕಾಸಲನ್ನು ಮಾರಿ ಬಾಡಿಗೆಯ ಮೈದಾನದಲ್ಲಿ ಆಡುವ ಪ್ರಸ್ತಾಪವು ಬಂದಿತು. ಅಭಿಮಾನಿಗಳು ಅದನ್ನು ಪ್ರತಿಭಟಿಸಿದರು. ಆಗ ಲಿಥುವೇನಿಯದ ಬ್ಯಾಂಕು ವ್ಯವಹಾರಸ್ಥರಾದ ವ್ಲಾದಿಮಿರ್ ರೊಮನೋವ್ ಎಂಬವರು ಮುಂದೆ ಬಂದು ಷೇರುಗಳನ್ನು ಕೊಂಡು ಮಾರಾಟವನ್ನು ತಪ್ಪಿಸಿದರು. 2005ರಲ್ಲಿ ಸಂಘವು ಅವರ ವಶವಾಯಿತು. ಉದ್ಧಾರಕನೊಬ್ಬನು ದೊರೆತನೆಂದು ಊರು ಹಿಗ್ಗಿತು. ಮೊದಮೊದಲು ಹಿಗ್ಗಿಗೆ ಕಾರಣವೂ ಇದ್ದಿತು: 2006ರಲ್ಲಿ ಸ್ಕಾಟಿಷ್ ಕಪ್ ಬಂದಿತು. ಆದರೆ ತಂಡವು ಲೀಗಿನ ಅಗ್ರಸ್ಥಾನದಲ್ಲಿದ್ದಾಗಲೇ, 2005ರ ಅಕ್ಟೋಬರಿನಲ್ಲಿ, ಅದರ ತರಬೇತುಗಾರರು ಸಂಘವನ್ನು ಬಿಡಬೇಕಾಯಿತೆಂದ ಮೇಲೆ ಆಡಳಿತದ ರೀತಿಯನ್ನು ವಾಚಕರೇ ಊಹಿಸಬಹುದು. ಗಳಿಕೆಗೆ ಮೀರಿದ ಸಂಬಳಗಳು, ಬ್ಯಾಂಕಿನಿಂದ ತಂದ ಸಾಲ, ಸಾಲದ ಮೇಲೆ ಸಾಲ. 2011ರ ಕೊನೆಯಲ್ಲಿ ಆಟಗಾರರಿಗೆ ಸಕಾಲದಲ್ಲಿ ಸಂಬಳ ಬರುವುದು ನಿಂತಿತು. ಅದೇ ತಂಡವು 2012ರ ಮೇ ತಿಂಗಳಲ್ಲಿ ಸ್ಕಾಟಿಷ್ ಕಪ್ಪಿನ ಅಂತಿಮ ಪಂದ್ಯದಲ್ಲಿ ಹಿಬರ್ನಿಯನ್ನನ್ನು 5-1ರಿಂದ ಸೋಲಿಸಿತು. ಹೊರಗೆ ಜಯಘೋಷ, ಒಳಗೆ ಬರಿದಾದ ಪೆಟ್ಟಿಗೆ.

ಅದೇ ವರ್ಷದ ನವೆಂಬರಿನಲ್ಲಿ ಸುಮಾರು 4 ಲಕ್ಷ 50 ಸಾವಿರ ಪೌಂಡುಗಳ ತೆರಿಗೆ ಬಾಕಿಗಾಗಿ ಸರ್ಕಾರವು ಸಂಘವನ್ನು ಮುಚ್ಚಿಸಲು ನ್ಯಾಯಾಲಯದ ಕಡೆಗೆ ತಿರುಗಿತು. ಹಣ ಬಾರದಿದ್ದರೆ ಆ ತಿಂಗಳ ಪಂದ್ಯವೇ ಕೊನೆಯದಾಗಬಹುದೆಂದು ಸಂಘವೇ ಸಾರಿತು. ಅಭಿಮಾನಿಗಳು ಷೇರುಗಳನ್ನು ಕೊಂಡರು. 10 ಲಕ್ಷ ಪೌಂಡಿಗೂ ಮೀರಿ ಹಣ ಕೂಡಿತು. ಇದು ಅವರ ಮೊದಲನೆಯ ಉಪಾಯ: ಆಪತ್ತಿನ ದಿನ ಕೈಯಲ್ಲಿದ್ದುದನ್ನು ಸುರಿಯುವುದು. ಅದರ ಔದಾರ್ಯವನ್ನು ಯಾರೂ ಅಲ್ಲಗಳೆಯಲಾರರು. ಆದರೆ ಆ ಹಣವು ಹಳೆಯ ಬಾಕಿಗೆ ಹೋಯಿತು; ಆಳುವ ಕೈ ಬದಲಾಗಲಿಲ್ಲ. ಒಡೆದ ಕೊಡಕ್ಕೆ ಎಷ್ಟು ನೀರು ಹೊಯ್ದರೇನು? ಏಳು ತಿಂಗಳೊಳಗಾಗಿ ಪುನಃ ಅದೇ ಅವಸ್ಥೆಯೊದಗಿತು. 2013ರ ಫೆಬ್ರವರಿಯಲ್ಲಿ ಲಿಥುವೇನಿಯದಲ್ಲಿ ರೊಮನೋವರ ಬ್ಯಾಂಕು ಮುರಿದುಬಿದ್ದಿತು. ಜೂನ್ ತಿಂಗಳಲ್ಲಿ ಹಾರ್ಟ್ಸ್ ಸುಮಾರು 2 ಕೋಟಿ 50 ಲಕ್ಷ ಪೌಂಡುಗಳ ಸಾಲದೊಡನೆ, ಕಾಯಿದೆಯಂತೆ ನೇಮಕವಾದ ಆಡಳಿತಾಧಿಕಾರಿಗಳ ವಶಕ್ಕೆ ಹೋಯಿತು. ಮುಂದಿನ ವರ್ಷದ ಲೀಗಿನಲ್ಲಿ ಅದು 15 ಅಂಕಗಳ ದಂಡದಿಂದ ಆಟವನ್ನು ಆರಂಭಿಸಬೇಕಾಯಿತು.

ಇಲ್ಲಿ ಎರಡನೆಯ ಉಪಾಯದ ವಿಚಾರ ಬರುತ್ತದೆ. ಅದರ ಬೀಜವು ಸ್ಕಾಟ್ಲೆಂಡಿನದಲ್ಲ. ಇಂಗ್ಲೆಂಡಿನ ನಾರ್ತಾಂಪ್ಟನ್ ಊರಿನ ಕಾಲ್ಚೆಂಡಾಟದ ಸಂಘವು 1992ರಲ್ಲಿ ಸಾಲದಲ್ಲಿ ಮುಳುಗಿದಾಗ, ಬ್ರಯನ್ ಲೋಮ್ಯಾಕ್ಸ್ ಮೊದಲಾದವರು ಅಭಿಮಾನಿಗಳ ಒಂದು ನ್ಯಾಸವನ್ನು ಸ್ಥಾಪಿಸಿದರು. ಹಣ ಕೂಡಿಸಿ ಯಜಮಾನನ ಕೈಗೆ ಕೊಟ್ಟು ಬರುವುದು ಹಳೆಯ ಪದ್ಧತಿ. ಇವರಾದರೋ ಹಣವನ್ನು ತಮ್ಮ ಸಂಸ್ಥೆಯಲ್ಲಿಯೇ ಇಟ್ಟುಕೊಂಡು, ಅದರ ಬದಲಿಗೆ ಆಡಳಿತ ಮಂಡಲಿಯಲ್ಲಿ ತಾವು ಚುನಾಯಿಸಿದ ಪ್ರತಿನಿಧಿಗೆ ಸ್ಥಾನವನ್ನು ಕೇಳಿ ಪಡೆದರು. ಒಬ್ಬನಿಗೆ ಒಂದೇ ಮತ, ಕೊಟ್ಟ ಹಣ ಎಷ್ಟಾದರೂ ಸರಿ. ಸಹಕಾರ ಸಂಘಗಳನ್ನು ಬಲ್ಲ ನಮ್ಮ ವಾಚಕರಿಗೆ ಈ ತತ್ತ್ವವು ಹೊಸದಲ್ಲ. ಆಟದ ಲೋಕಕ್ಕೆ ಅದು ಹೊಸದಾಗಿದ್ದಿತು. ಕ್ರಮೇಣ ಬ್ರಿಟನ್ನಿನ ಅನೇಕ ಊರುಗಳಿಗೆ ಹಬ್ಬಿತು.

ಎಡಿನ್‌ಬರೋದಲ್ಲಿ 'ಫೌಂಡೇಷನ್ ಆಫ್ ಹಾರ್ಟ್ಸ್' ಎಂಬ ಸಂಸ್ಥೆಯು 2010ರಲ್ಲಿಯೇ ಹುಟ್ಟಿದ್ದಿತು. 2013ರ ಬೇಸಗೆಯಲ್ಲಿ, ಪಾರ್ಲಿಮೆಂಟಿನ ಸದಸ್ಯರಾದ ಇಯನ್ ಮರಿಯವರ ಮುಂದಾಳುತನದಲ್ಲಿ, ಅದು ಜನರ ಮುಂದೆ ಒಂದು ಸರಳವಾದ ಕೋರಿಕೆಯನ್ನಿಟ್ಟಿತು. ಒಮ್ಮೆಗೇ ದೊಡ್ಡ ಮೊತ್ತವನ್ನು ಕೊಡುವುದು ಬೇಡ. ತಿಂಗಳಿಗೆ 10 ಪೌಂಡೋ ಅದಕ್ಕೆ ಮೇಲ್ಪಟ್ಟೋ ತಪ್ಪದೆ ಕೊಡುತ್ತ ಬನ್ನಿರಿ ಎಂಬುದೇ ಆ ಕೋರಿಕೆ. ಸಾವಿರಾರು ಮಂದಿ ಒಪ್ಪಿದರು. ಮುಂದೆ ಅವರ ಸಂಖ್ಯೆಯು ಸುಮಾರು 8,000ಕ್ಕೆ ಏರಿತು. ಹನಿಗೂಡಿದರೆ ಹಳ್ಳ ಎಂಬ ಗಾದೆಯನ್ನು ಇಲ್ಲಿ ಅಂಕಗಣಿತದಿಂದಲೇ ತೋರಿಸಬಹುದು. 8,000 ಮಂದಿ ತಿಂಗಳಿಗೆ 10 ಪೌಂಡಿನಂತೆ ಕೊಟ್ಟರೂ ವರ್ಷಕ್ಕೆ 9 ಲಕ್ಷ 60 ಸಾವಿರ ಪೌಂಡಾಗುತ್ತದೆ. ಮೊತ್ತಕ್ಕಿಂತಲೂ ಮುಖ್ಯವಾದುದು ಅದರ ನಿಯತಿ. ಮುಂದಿನ ತಿಂಗಳು ಇಷ್ಟು ಬಂದೇ ಬರುವುದೆಂಬ ಭರವಸೆಯಿರುವ ಆದಾಯವನ್ನು ತೋರಿಸಿ ಒಪ್ಪಂದ ಮಾಡಿಕೊಳ್ಳಬಹುದು, ಸಾಲ ಎತ್ತಬಹುದು, ಸಂಬಳಕ್ಕೆ ಮಾತು ಕೊಡಬಹುದು. ಉದ್ವೇಗದಿಂದ ಬಂದ ಹಣಕ್ಕೆ ಈ ಶಕ್ತಿಯಿಲ್ಲ.

ಆದರೂ ತಿಂಗಳ ವಂತಿಗೆಯು ಕೂಡಿಬರುವವರೆಗೆ ಸಾಲಕೊಟ್ಟವರು ಕಾಯುವುದಿಲ್ಲವಷ್ಟೆ. ಬೇರೆ ಕೊಳ್ಳುವವರೂ ಸಾಲಿನಲ್ಲಿದ್ದರು. ಈ ತೊಡಕನ್ನು ಬಿಡಿಸಿದವರು ಆನ್ ಬಡ್ಜ್ ಎಂಬ ಮಹಿಳೆ. ಕಂಪ್ಯೂಟರ್ ವ್ಯವಹಾರದಲ್ಲಿ ಸಂಪಾದಿಸಿದ್ದ ಅವರು, ಅಭಿಮಾನಿಗಳ ಸಂಸ್ಥೆಯೊಡನೆ ಒಪ್ಪಂದ ಮಾಡಿಕೊಂಡು 25 ಲಕ್ಷ ಪೌಂಡುಗಳನ್ನು ಮುಂದಾಗಿ ಕೊಟ್ಟರು. ಅವರು ಸಂಘವನ್ನು ಕೊಂಡು ನಡೆಸತಕ್ಕದ್ದು. ವಂತಿಗೆಯ ಹಣದಿಂದ ಸಂಘದ ಖರ್ಚಿಗೆ ನೆರವಾಗಿ, ಅನಂತರ ಅವರ ಹಣವನ್ನು ತೀರಿಸತಕ್ಕದ್ದು. ತೀರಿದ ಮೇಲೆ ಷೇರುಗಳು ಅಭಿಮಾನಿಗಳ ಸಂಸ್ಥೆಗೆ ಸೇರತಕ್ಕದ್ದು. ಹಿಂದಿನ ಧನಿಕರು ಸಂಘವನ್ನು ಕೊಂಡಾಗ ಬಿಟ್ಟುಹೋಗುವ ದಿನದ ಮಾತೇ ಇರಲಿಲ್ಲ. ಇಲ್ಲಿ ಬಿಟ್ಟುಕೊಡುವ ದಾರಿಯನ್ನು ಮೊದಲೇ ಬರೆದಿಟ್ಟು, ಆ ಮೇಲೆ ಒಳಗೆ ಕಾಲಿಟ್ಟರು. 2014ರ ಜೂನ್ ತಿಂಗಳಲ್ಲಿ ಹಾರ್ಟ್ಸ್ ಆಡಳಿತಾಧಿಕಾರಿಗಳ ವಶದಿಂದ ಹೊರಬಂದಿತು.

ಈ ನಡುವೆ ಆಟದ ಕಡೆ ಕಷ್ಟಕ್ಕೆ ಮಿತಿಯಿರಲಿಲ್ಲ. ಹೊಸ ಆಟಗಾರರನ್ನು ಸೇರಿಸಿಕೊಳ್ಳಲು ನಿರ್ಬಂಧವಿದ್ದುದರಿಂದ ಹುಡುಗರೇ ತಂಡವನ್ನು ತುಂಬಬೇಕಾಯಿತು. 15 ಅಂಕಗಳ ಹೊರೆಯನ್ನು ಹೊತ್ತು ಅವರು ಕೆಳಗಿನ ತರಗತಿಗೆ ಇಳಿದರು. ಸೋಲುವುದು ಬಹುಮಟ್ಟಿಗೆ ನಿಶ್ಚಯವೆಂದು ತಿಳಿದೂ 10,000ಕ್ಕೆ ಮೇಲ್ಪಟ್ಟು ಜನರು ಇಡೀ ವರ್ಷದ ಟಿಕೆಟ್ಟುಗಳನ್ನು ಕೊಂಡಿದ್ದರೆಂಬುದು ನೆನಪಿಡತಕ್ಕ ಸಂಗತಿ. ಮರುವರ್ಷ, 2014-15ರಲ್ಲಿ, ಅದೇ ಸಂಘವು 91 ಅಂಕಗಳನ್ನು ಗಳಿಸಿ, ಎರಡನೆಯದಾದ ಹಿಬರ್ನಿಯನ್ನಿಗಿಂತ 21 ಅಂಕಗಳಷ್ಟು ಮುಂದೆ ನಿಂತು ಮೇಲಿನ ತರಗತಿಗೆ ಮರಳಿತು.

ಷೇರುಗಳು ಕೈಗೆ ಬರುವ ಮೊದಲು ಅಭಿಮಾನಿಗಳ ತಾಳ್ಮೆಯು ಇನ್ನೊಮ್ಮೆ ಪರೀಕ್ಷೆಗೊಳಗಾಯಿತು. ಟೈನ್‌ಕಾಸಲಿನಲ್ಲಿ ಪ್ರೇಕ್ಷಕರು ಕುಳಿತುಕೊಳ್ಳುವ ಮುಖ್ಯ ಅಟ್ಟಣೆಯು 1914ರಲ್ಲಿ ಆರ್ಚಿಬಾಲ್ಡ್ ಲೀಚ್ ಎಂಬ ಶಿಲ್ಪಿಯ ನಕ್ಷೆಯಂತೆ ಕಟ್ಟಿದುದು. ಅದು ಬಹಳ ಹಳೆಯದಾಗಿದ್ದಿತು. ವಂತಿಗೆಯ ಹಣದಲ್ಲಿ ಸಾಲವನ್ನು ಬೇಗ ತೀರಿಸಿ ಒಡೆತನವನ್ನು ಪಡೆಯುವುದೋ, ಇಲ್ಲವೆ ಒಡೆತನವನ್ನು ಮುಂದಕ್ಕೆ ತಳ್ಳಿ ಹೊಸ ಅಟ್ಟಣೆಗೆ ನೆರವಾಗುವುದೋ ಎಂಬ ಪ್ರಶ್ನೆಯು ಸದಸ್ಯರ ಮುಂದೆ ಬಂದಿತು. ಅವರು ಭಾರಿಯ ಬಹುಮತದಿಂದ ಅಟ್ಟಣೆಯನ್ನು ಆರಿಸಿಕೊಂಡರು. 2017ರಲ್ಲಿ ಅದು ಎದ್ದು ನಿಂತಿತು. 2020ರಲ್ಲಿ ಸಾಂಕ್ರಾಮಿಕ ರೋಗದ ದೆಸೆಯಿಂದ ಮೈದಾನಗಳು ಮುಚ್ಚಿ, ಲೀಗನ್ನು ನಡುವೆಯೇ ನಿಲ್ಲಿಸಿ, ಹಾರ್ಟ್ಸನ್ನು ಪುನಃ ಕೆಳಕ್ಕೆ ಇಳಿಸಿದರು. ನೋಡಲು ಆಟವೇ ಇಲ್ಲದ ಆ ತಿಂಗಳುಗಳಲ್ಲಿಯೂ ವಂತಿಗೆಯು ಬರುತ್ತಲೇ ಇದ್ದಿತು. 2021ರ ಆಗಸ್ಟ್ 30ರಂದು ನೂರಕ್ಕೆ 75.1ರಷ್ಟು ಷೇರುಗಳು ಅಭಿಮಾನಿಗಳ ಸಂಸ್ಥೆಗೆ ವರ್ಗವಾದುವು. ಪ್ರೀತಿಯ ಹಕ್ಕೂ ಪತ್ರದ ಹಕ್ಕೂ ಒಂದಾಗಲು, ವಂತಿಗೆ ಮೊದಲಾದಂದಿನಿಂದ ಎಂಟು ವರ್ಷಗಳು ಹಿಡಿದುವು.

ಇದೊಂದೇ ಮಾರ್ಗವೆಂದು ಹೇಳುವುದು ನ್ಯಾಯವಾಗಲಾರದು. ಇಂಗ್ಲೆಂಡಿನ ದಕ್ಷಿಣ ತೀರದ ಪೋರ್ಟ್ಸ್‌ಮತ್ ಸಂಘವು 2008ರಲ್ಲಿ ಎಫ್.ಎ. ಕಪ್ಪನ್ನು ಗೆದ್ದು, 2010ರಲ್ಲಿಯೂ 2012ರಲ್ಲಿಯೂ ಆಡಳಿತಾಧಿಕಾರಿಗಳ ವಶಕ್ಕೆ ಬಿದ್ದಿತು. ಅಲ್ಲಿನ ಅಭಿಮಾನಿಗಳು ತಲಾ 1,000 ಪೌಂಡುಗಳ ಷೇರುಗಳನ್ನು ಕೊಂಡು 2013ರ ಏಪ್ರಿಲ್ ತಿಂಗಳಲ್ಲಿ ಅದನ್ನು ಬಿಡಿಸಿಕೊಂಡರು, ಸಾಲವನ್ನೂ ತೀರಿಸಿದರು. ನಾಲ್ಕು ವರ್ಷಗಳ ತರುವಾಯ, 2017ರಲ್ಲಿ, ಮೈಕೇಲ್ ಐಸ್ನರ್ ಎಂಬ ಅಮೆರಿಕದ ಧನಿಕರ ಕಂಪೆನಿಗೆ 56 ಲಕ್ಷ 70 ಸಾವಿರ ಪೌಂಡುಗಳಿಗೆ ಮಾರಲು ಅವರೇ ಮತ ಕೊಟ್ಟರು. ಹಳೆಯ ಮೈದಾನವನ್ನು ದುರಸ್ತಿಪಡಿಸಲು ಬೇಕಾದ ಹಣವು ತಮ್ಮ ಅಳತೆಗೆ ಮೀರಿದುದೆಂಬ ಯೋಚನೆಯು ಇದರ ಹಿಂದೆ ಇದ್ದಿತು. 2024ರಲ್ಲಿ ಆ ತಂಡವು ತನ್ನ ತರಗತಿಯನ್ನು ಗೆದ್ದು ಮೇಲಕ್ಕೇರಿದುದರಿಂದ ಮಾರಿದವರನ್ನು ದೂರುವಂತಿಲ್ಲ. ಆದರೆ ಮುಂದೆ ಯಜಮಾನರ ಮನಸ್ಸು ಬದಲಾದರೆ ಅವರ ಬಳಿ ಉಳಿದಿರುವುದು ಮತ್ತೆ ಪ್ರೀತಿಯ ಹಕ್ಕು ಮಾತ್ರ.

ಹಾರ್ಟ್ಸ್‌ನವರಿಗೂ ಇದೇ ಪ್ರಶ್ನೆಯು 2025ರಲ್ಲಿ ಎದುರಾಯಿತು. ಟೋನಿ ಬ್ಲೂಮ್ ಎಂಬ ಇಂಗ್ಲಿಷ್ ಧನಿಕರು 98 ಲಕ್ಷ ಪೌಂಡುಗಳಿಗೂ ಮೀರಿದ ಬಂಡವಾಳವನ್ನು ತೊಡಗಿಸಲು ಮುಂದೆ ಬಂದರು. ಸದಸ್ಯರು ಒಪ್ಪಿದರು, ಆದರೆ ಅವರಿಗೆ ಕೊಟ್ಟ ನೂರಕ್ಕೆ 29ರಷ್ಟು ಷೇರುಗಳಿಗೆ ಮತದ ಅಧಿಕಾರವಿಲ್ಲ. ಹಣವನ್ನು ಬರಮಾಡಿಕೊಂಡು ಕೀಲಿಕೈಯನ್ನು ತಮ್ಮ ಸೆರಗಿನಲ್ಲಿಯೇ ಉಳಿಸಿಕೊಂಡರು. 2004ರಲ್ಲಿ ಧನಿಕನನ್ನು ಕಂಡು ಹಿಗ್ಗಿದ ಊರಿನವರೇ 2025ರಲ್ಲಿ ಇಂತಹ ಕರಾರನ್ನು ಬರೆಯಿಸಿದರೆಂಬುದರಲ್ಲಿ ಈ ಚರಿತ್ರೆಯ ಸಾರವೆಲ್ಲ ಅಡಗಿದೆ.

ಆಟದಲ್ಲಿ ಸೋಲು ಗೆಲುವು ಬರುತ್ತವೆ, ಹೋಗುತ್ತವೆ. 2013ರ ಬೇಸಗೆಯಲ್ಲಿ ಮೊದಲ ಬಾರಿಗೆ 10 ಪೌಂಡು ಕೊಟ್ಟ ತಂದೆಯ ಹೆಸರಿನಲ್ಲಿ ಮುಂದೆ ಮಗನೂ ಮಗಳೂ ಕೊಡುವರೋ ಇಲ್ಲವೋ ಎಂಬುದರ ಮೇಲೆ ಆ ಸಂಘದ ಭವಿಷ್ಯವು ನಿಂತಿದೆ. ಆಪತ್ತು ಕಣ್ಣ ಮುಂದಿರುವಾಗ ಕೈ ತಾನಾಗಿ ಜೇಬಿಗೆ ಹೋಗುತ್ತದೆ. ಆಪತ್ತು ಕಳೆದ ಮೇಲೆಯೂ ತಿಂಗಳು ತಿಂಗಳಿಗೆ ಹಾಗೆ ಹೋಗುವಂತೆ ಮಾಡಿದುದೇ ಎಡಿನ್‌ಬರೋದ ಆ ಸಾಮಾನ್ಯ ಜನರ ಸಾಧನೆ. ಊರೂರುಗಳಲ್ಲಿ ವಾಚನಾಲಯಗಳನ್ನೂ ಶಾಲೆಗಳನ್ನೂ ಸಂಘಗಳನ್ನೂ ನಡೆಸುತ್ತಿರುವ ನಮ್ಮವರು ಅದನ್ನು ಮನನ ಮಾಡಿದರೆ ಲೇಸು.