ಸೆಟ್ಟಿಂಗ್ಸ್ ಕಿಟಕಿಯ ಹಿಂದಿನ ನಲವತ್ತು ವರ್ಷ



ಹೊಯ್ಸಳರನ್ನೂ ವಿಜಯನಗರವನ್ನೂ ಈ ಬಾರಿ ಬದಿಗಿರಿಸಿ, ನನ್ನ ಮೇಜಿನ ಮೇಲಿರುವ ಗಣಕಯಂತ್ರದ ಒಂದು ಸಣ್ಣ ಕಿಟಕಿಯ ಇತಿಹಾಸವನ್ನು ಬರೆಯುತ್ತಿದ್ದೇನೆ. ಮೇಷ್ಟರಿಗೆ ಇದೇನು ಹೊಸ ಹುಚ್ಚು ಎನ್ನಬೇಡಿ. ಕಾರಣವಿದೆ.

2024ರ ಆಷಾಢದ ಒಂದು ಸಂಜೆ. ಯಂತ್ರವು ತನ್ನ ವಿಂಡೋಸ್ 10 ತಂತ್ರಾಂಶವನ್ನು ನವೀಕರಿಸಿಕೊಳ್ಳುತ್ತ, ತನ್ನನ್ನು ಆರಿಸಬೇಡಿರೆಂದು ಪರದೆಯ ಮೇಲೆ ವಿನಂತಿಸಿಕೊಳ್ಳುತ್ತಿತ್ತು. ಗಾಳಿಮಳೆಗೆ ವಿದ್ಯುತ್ ಹೋಯಿತು. ಯುಪಿಎಸ್‌ನ ಬ್ಯಾಟರಿ ಸತ್ತು ಎರಡು ವರ್ಷವಾಗಿದ್ದರೂ ಬದಲಿಸದೆ ಬಿಟ್ಟದ್ದು ನನ್ನದೇ ಅಲಕ್ಷ್ಯ. ಮರುದಿನ ಯಂತ್ರವೇನೋ ಎದ್ದಿತು; ಆದರೆ ಕನ್ನಡದ ಕೀಲಿಮಣೆ ಭಾಷೆಗಳ ಪಟ್ಟಿಯಿಂದ ಕಾಣೆಯಾಗಿತ್ತು. ಮತ್ತೆ ಸೇರಿಸೋಣವೆಂದು ಸೆಟ್ಟಿಂಗ್ಸ್ ಒತ್ತಿದರೆ, ಕಿಟಕಿ ತೆರೆದಂತೆ ಮಾಡಿ ಕಣ್ಣು ಮಿಟುಕಿಸುವಷ್ಟರಲ್ಲಿ ಮುಚ್ಚಿಕೊಂಡಿತು. ಹತ್ತು ಸಲ ಒತ್ತಿದೆ; ಹತ್ತು ಸಲವೂ ಅದೇ ಕಥೆ.

ಶಾಲೆಯ ಸುವರ್ಣ ಮಹೋತ್ಸವದ ಸಂಚಿಕೆಗೆ ನಮ್ಮ ಮೊದಲ ಮುಖ್ಯೋಪಾಧ್ಯಾಯರನ್ನು ಕುರಿತು ಲೇಖನ ಕೊಡಲು ನನಗೆ ಉಳಿದಿದ್ದುದು ಒಂಬತ್ತು ದಿನ. ಅವರೊಡನೆ ದುಡಿದ ಅಧ್ಯಾಪಕರಲ್ಲಿ ಇಂದು ಉಳಿದಿರುವವನು ನಾನೊಬ್ಬನೇ. ಕೈಬರಹದಲ್ಲಿ ಕೊಡಿ ಎಂದಳು ನನ್ನಾಕೆ. ಕೈ ನಡುಗುವುದನ್ನು ಅವಳಿಗೂ ಹೇಳಿರಲಿಲ್ಲ. ರಿಪೇರಿ ಅಂಗಡಿಯ ಹುಡುಗ ನೋಡಿದವನೇ, "ಫಾರ್ಮ್ಯಾಟ್ ಹೊಡೆದುಬಿಡೋಣ ಸರ್, ಎಲ್ಲ ಸರಿಹೋಗುತ್ತೆ" ಎಂದ. ಆ ಯಂತ್ರದೊಳಗೆ ಆ ಹಿರಿಯರ ಮಗ ಕಳಿಸಿಕೊಟ್ಟಿದ್ದ ಪತ್ರಗಳ ಪ್ರತಿಗಳೂ ನನ್ನ ಟಿಪ್ಪಣಿಗಳೂ ಇದ್ದವು. ಒಪ್ಪಲಿಲ್ಲ.

ಬಿಡುವಾಗಿ ಕುಳಿತ ಆ ದಿನಗಳಲ್ಲಿ ನನ್ನನ್ನು ಕಾಡಿದ ಪ್ರಶ್ನೆ ಇದು: ಯಂತ್ರದ ಅಷ್ಟೂ ಹೊಂದಾಣಿಕೆಗಳು ಒಂದೇ ಬಾಗಿಲಿನ ಹಿಂದೆ ಸೇರಿಕೊಂಡದ್ದು ಯಾವಾಗ?

ಮೊದಲು ಹೀಗಿರಲಿಲ್ಲ. 1981ರ ಆಗಸ್ಟಿನಲ್ಲಿ ಬಂದ ಐಬಿಎಂ ಪಿಸಿಯಲ್ಲಿ ಸೆಟ್ಟಿಂಗ್ಸ್ ಎಂದರೆ ಪೆಟ್ಟಿಗೆಯ ಮುಚ್ಚಳ ತೆಗೆದು, ಒಳಗಿನ ಹಲಗೆಯ ಮೇಲಿದ್ದ ಅಕ್ಕಿಕಾಳಿನಷ್ಟು ಸಣ್ಣ ಸ್ವಿಚ್ಚುಗಳನ್ನು ಪೆನ್ನಿನ ತುದಿಯಿಂದ ಮೇಲೆ ಕೆಳಗೆ ಮಾಡುವುದು. ಸ್ಮೃತಿ ಎಷ್ಟಿದೆ, ಎಂಥ ಪರದೆ ಜೋಡಿಸಿದೆ, ಫ್ಲಾಪಿ ಎಷ್ಟು ಎಂಬುದನ್ನು ಯಂತ್ರಕ್ಕೆ ಹೇಳುತ್ತಿದ್ದುದು ಹಾಗೆ. ಸ್ವಿಚ್ಚು ಕ್ರ್ಯಾಶ್ ಆಗುವುದಿಲ್ಲ ಎಂಬುದನ್ನು ಮರೆಯಬಾರದು! 1984ರ ಐಬಿಎಂ ಎಟಿಯಲ್ಲಿ ಈ ವಿವರಗಳು ಬ್ಯಾಟರಿಯ ಬಲದಿಂದ ಬದುಕುವ ಪುಟ್ಟ ಸ್ಮೃತಿಗೆ ಹೋದವು. ಬ್ಯಾಟರಿ ಸತ್ತರೆ ಯಂತ್ರವು 1980ರ ಜನವರಿ 1ಕ್ಕೆ ಮರಳುತ್ತಿತ್ತು.

ಅದೇ 1984ರ ಜನವರಿಯಲ್ಲಿ ಆಪಲ್ ಕಂಪನಿಯ ಮ್ಯಾಕಿಂಟಾಷ್ ಬಂತು. ಅದರ ಕಂಟ್ರೋಲ್ ಪ್ಯಾನೆಲ್ಲನ್ನು ಚಿತ್ರಿಸಿದವರು ಸೂಸನ್ ಕೇರ್ ಎಂಬ ಕಲಾವಿದೆ. ಇಡೀ ಯಂತ್ರದ ಹೊಂದಾಣಿಕೆಯನ್ನು ಅಂಗೈಯಗಲದ ಒಂದೇ ಚೌಕದಲ್ಲಿ, ಹೆಚ್ಚುಕಡಿಮೆ ಮಾತೇ ಇಲ್ಲದೆ, ಬರಿಯ ಚಿತ್ರಗಳಿಂದ ಆಕೆ ಹೇಳಿಬಿಟ್ಟರು. ಧ್ವನಿಗೆ ಸೊನ್ನೆಯಿಂದ ಏಳರವರೆಗಿನ ಒಂದು ಜಾರುಗುಂಡಿ. ಕೀಲಿಯನ್ನು ಒತ್ತಿಹಿಡಿದಾಗ ಅಕ್ಷರ ಎಷ್ಟು ಬೇಗ ಮರುಕಳಿಸಬೇಕು ಎಂಬುದಕ್ಕೆ ಒಂದು ತುದಿಯಲ್ಲಿ ಆಮೆ, ಇನ್ನೊಂದು ತುದಿಯಲ್ಲಿ ಮೊಲ! ಮೂರನೆಯ ತರಗತಿಯ ಮಗುವಿಗೂ ಅರ್ಥವಾಗುವಂಥದು. ಬೋಧನೋಪಕರಣಗಳ ಬಗ್ಗೆ ಬಿ.ಎಡ್. ತರಗತಿಯಲ್ಲಿ ನಾವು ಕೇಳಿದ ಉಪನ್ಯಾಸಗಳೆಲ್ಲವನ್ನೂ ಈ ಒಂದು ಚೌಕ ಮೀರಿಸುತ್ತದೆ ಎಂದು ನನ್ನ ಅಭಿಪ್ರಾಯ.

1985ರ ನವೆಂಬರಿನಲ್ಲಿ ಹೊರಬಂದ ಮೈಕ್ರೋಸಾಫ್ಟ್‌ನ ಮೊದಲ ವಿಂಡೋಸಿನಲ್ಲಿಯೂ ಕಂಟ್ರೋಲ್ ಪ್ಯಾನೆಲ್ ಇತ್ತು. ಅದರ ಆಯ್ಕೆಗಳೆಲ್ಲ ವಿನ್.ಐಎನ್‌ಐ ಎಂಬ ಸಾದಾ ಪಠ್ಯದ ಕಡತದಲ್ಲಿ ಉಳಿಯುತ್ತಿದ್ದವು. ಯಾರು ಬೇಕಾದರೂ ತೆರೆದು ಓದಬಹುದು, ತಪ್ಪಿದ ಸಾಲನ್ನು ತಿದ್ದಬಹುದು. ಮುಂದೆ ಒಂದೊಂದು ತಂತ್ರಾಂಶವೂ ತನ್ನ ಸಾಲುಗಳನ್ನು ಅದರೊಳಗೆ ತುರುಕಿ, ಅದು ಪಂಚಾಯಿತಿ ಕಟ್ಟೆಯಂತಾಯಿತು. ಆಗ ಬಂದದ್ದು ರಿಜಿಸ್ಟ್ರಿ. 1992ರ ವಿಂಡೋಸ್ 3.1ರಲ್ಲಿ ಚಿಕ್ಕದಾಗಿ ಹುಟ್ಟಿ, 1995ರ ವಿಂಡೋಸ್ 95ರಲ್ಲಿ ಯಂತ್ರದ ಜೀವಾಳವೇ ಆಗಿಬಿಟ್ಟಿತು.

ರಿಜಿಸ್ಟ್ರಿಯನ್ನು ನಮ್ಮ ಶಾಲೆಯ ದಾಖಲಾತಿ ಪುಸ್ತಕವೆಂದೇ ತಿಳಿಯಿರಿ. ಎಲ್ಲ ಮಕ್ಕಳ ವಿವರವೂ ಒಂದೇ ಕಡೆ, ಕ್ರಮಬದ್ಧವಾಗಿ, ಹುಡುಕುವುದು ಸುಲಭ. ಆದರೆ ಆ ಪುಸ್ತಕ ಮಳೆಯಲ್ಲಿ ನೆನೆದರೆ? ಇದನ್ನರಿತೇ ವಿಂಡೋಸ್ 95 ಸರಿಯಾಗಿ ಎದ್ದ ಪ್ರತಿ ಸಲವೂ ಅದರದೊಂದು ನಕಲನ್ನು ತೆಗೆದಿಡುತ್ತಿತ್ತು. ವಿಂಡೋಸ್ 98 ಐದು ನಕಲುಗಳನ್ನು ಇಡುತ್ತಿತ್ತು. 2000ದಲ್ಲಿ ಬಂದ ವಿಂಡೋಸ್ ಎಂಇಯಲ್ಲಿ ಸಿಸ್ಟಮ್ ರಿಸ್ಟೋರ್, ಅಂದರೆ ನಿನ್ನೆಯ ಸ್ಥಿತಿಗೆ ಮರಳುವ ಸೌಲಭ್ಯವೂ ಸೇರಿತು.

ಕನ್ನಡಿಗರಾದ ನಮಗೆ ಕಂಟ್ರೋಲ್ ಪ್ಯಾನೆಲ್‌ನೊಡನೆ ಒಂದು ಪ್ರತ್ಯೇಕ ಋಣಾನುಬಂಧವಿದೆ. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ತುಂಗಾ ಎಂಬ ಅಕ್ಷರಶೈಲಿಯೊಂದಿಗೆ ಕನ್ನಡ ಬಂತು. ಬಂದರೂ ಹೊಸಿಲಾಚೆ ನಿಂತಿತ್ತು. ಪ್ರಾದೇಶಿಕ ಮತ್ತು ಭಾಷಾ ಆಯ್ಕೆಗಳ ಪುಟಕ್ಕೆ ಹೋಗಿ, ಸಂಕೀರ್ಣ ಲಿಪಿಗಳ ಚೌಕಕ್ಕೆ ಗುರುತು ಹಾಕಿ, ಎಕ್ಸ್‌ಪಿಯ ಸಿಡಿಯನ್ನು ಒಳಗಿಡದಿದ್ದರೆ ಒತ್ತಕ್ಷರಗಳೆಲ್ಲ ಚೆಲ್ಲಾಪಿಲ್ಲಿ. ಸಿಡಿ ಯಾರ ಮನೆಯಲ್ಲಿತ್ತು? ನಮ್ಮ ಬೀದಿಗೆಲ್ಲ ಒಂದೇ ಸಿಡಿ ಮನೆಯಿಂದ ಮನೆಗೆ ತಿರುಗಿದ್ದು ನೆನಪಿದೆ.

2012ರ ವಿಂಡೋಸ್ 8ರಲ್ಲಿ ಪಿಸಿ ಸೆಟ್ಟಿಂಗ್ಸ್ ಎಂಬ ಹೊಸ ಮನೆಯ ಪಾಯ ಬಿತ್ತು. 2015ರ ಜುಲೈನಲ್ಲಿ ಬಂದ ವಿಂಡೋಸ್ 10ರಲ್ಲಿ ಮನೆ ಮೇಲೆದ್ದಿತು. ಗೃಹಪ್ರವೇಶದ ದಿನಗಳಲ್ಲಿಯೇ ಅನೇಕರಿಗೆ ಸೆಟ್ಟಿಂಗ್ಸ್ ಒತ್ತಿದರೆ ಅದು ತೆರೆಯದೆ, ಕೆಲವೊಮ್ಮೆ ಸ್ಟೋರ್ ತೆರೆದುಕೊಳ್ಳುತ್ತಿತ್ತು; ಕಂಪನಿಯೇ ಅದಕ್ಕೊಂದು ದುರಸ್ತಿ ತಂತ್ರಾಂಶವನ್ನು ಹೊರತಂದಿತು. ಹಳೆಯ ಪ್ಯಾನೆಲ್‌ನಲ್ಲಿ ಇಲಿಗೆ ಒಂದು, ಪರದೆಗೆ ಒಂದು, ಗಡಿಯಾರಕ್ಕೆ ಒಂದು ಎಂದು ಬಿಡಿಬಿಡಿ ಕಡತಗಳಿದ್ದವು. ಒಂದು ಕೆಟ್ಟರೆ ಉಳಿದವು ಬಹುಮಟ್ಟಿಗೆ ತೆರೆಯುತ್ತಿದ್ದವು. ಹೊಸದರಲ್ಲಿ ಎಲ್ಲ ಕೋಣೆಗಳಿಗೂ ಒಂದೇ ಹೆಬ್ಬಾಗಿಲು. ಕಂಟ್ರೋಲ್ ಪ್ಯಾನೆಲ್‌ನಲ್ಲಿದ್ದ ಭಾಷೆಯ ಪುಟವನ್ನು 2018ರಲ್ಲಿ ತೆಗೆದುಹಾಕಿದ್ದರಿಂದ ನನಗೆ ಹಿತ್ತಲ ಬಾಗಿಲೂ ಇಲ್ಲವಾಗಿತ್ತು. ತಮಾಷೆಯೆಂದರೆ, ಸೆಟ್ಟಿಂಗ್ಸ್ ವಾಸಿಸುವ ಕಡತಕೋಶದ ಹೆಸರು ಇಂದಿಗೂ ಇಮ್ಮರ್ಸಿವ್ ಕಂಟ್ರೋಲ್ ಪ್ಯಾನೆಲ್! ಹಳೆಯ ಮನೆತನದ ಹೆಸರನ್ನು ಅದು ಬಿಟ್ಟಿಲ್ಲ.

ಐದನೆಯ ದಿನ, ಮೈಸೂರಿನಲ್ಲಿರುವ 1996ನೇ ಸಾಲಿನ ಒಬ್ಬ ವಿದ್ಯಾರ್ಥಿನಿಗೆ ದೂರವಾಣಿ ಮಾಡಿದೆ. "ಫಾರ್ಮ್ಯಾಟ್ ಬೇಡ ಸರ್. ಮೊದಲು ಪತ್ರಗಳನ್ನೆಲ್ಲ ಪೆನ್‌ಡ್ರೈವಿಗೆ ಹಾಕಿಕೊಳ್ಳಿ. ಆಮೇಲೆ ದಾಖಲೆ ನೋಡೋಣ. ಆಧಾರ ಇಲ್ಲದೆ ತೀರ್ಮಾನ ಬರೆದರೆ ಅಂಕ ಕಳೀತಿದ್ದಿದ್ದು ನೀವೇ ಅಲ್ವಾ?" ಎಂದಳು. ನಾನು ಮೌನವಾಗಿ ಕನ್ನಡಕ ಹಾಕಿಕೊಂಡೆ.

ಈವೆಂಟ್ ವ್ಯೂವರ್ ಎಂಬ ದಿನಚರಿಯಲ್ಲಿ, ಕಿಟಕಿ ಮುಚ್ಚಿದ ಪ್ರತಿ ಕ್ಷಣದ ನಮೂದೂ 1000 ಎಂಬ ಸಂಖ್ಯೆಯಡಿ ಇತ್ತು: ಸತ್ತ ತಂತ್ರಾಂಶ ಯಾವುದು, ಯಾವ ಭಾಗದಿಂದ ಎಂಬ ವಿವರದೊಡನೆ. ಮುಂದೆ, ದೋಷ ನನ್ನ ಖಾತೆಯದೋ ಇಡೀ ವಿಂಡೋಸಿನದೋ ಎಂದು ತಿಳಿಯಲು ಇನ್ನೊಂದು ಖಾತೆ ಬೇಕಿತ್ತು. ಆಡಳಿತಾಧಿಕಾರದೊಡನೆ ಕಮಾಂಡ್ ಪ್ರಾಂಪ್ಟ್ ತೆರೆಸಿ, ನೆಟ್ ಯೂಸರ್ ಎಂಬ ಆಜ್ಞೆಯಿಂದ ಅದನ್ನು ಸೃಷ್ಟಿಸಿಸಿದಳು. ಅಲ್ಲಿಯೂ ಕಿಟಕಿ ಮುಚ್ಚಿಕೊಂಡಿತು. ಹಾಗಾದರೆ ರೋಗ ಖಾತೆಯದಲ್ಲ, ನವೀಕರಣದ ನಡುವೆ ವಿದ್ಯುತ್ ಹೋದಾಗ ಕೆಟ್ಟ ಮೂಲ ಕಡತಗಳದು ಎಂದು ನಿಶ್ಚಯವಾಯಿತು.

ಚಿಕಿತ್ಸೆ ಎರಡು ಹಂತದ್ದು. ವಿಂಡೋಸ್ ತನ್ನ ಕಡತಗಳ ಮೂಲಪ್ರತಿಗಳನ್ನು ಒಂದು ಉಗ್ರಾಣದಲ್ಲಿಟ್ಟಿರುತ್ತದೆ. ಡಿಸ್ಮ್ ಎಂಬ ಉಪಕರಣದ ರಿಸ್ಟೋರ್‌ಹೆಲ್ತ್ ಆಜ್ಞೆ, ಅಂತರ್ಜಾಲದಿಂದ ಸರಿಯಾದ ಪ್ರತಿಗಳನ್ನು ತರಿಸಿ ಉಗ್ರಾಣವನ್ನು ಸರಿಪಡಿಸುತ್ತದೆ. ಬಳಿಕ ಎಸ್‌ಎಫ್‌ಸಿ ಸ್ಕ್ಯಾನ್‌ನೌ ಎಂಬ ಆಜ್ಞೆ, ಬಳಕೆಯಲ್ಲಿರುವ ಕಡತಗಳನ್ನು ಆ ಉಗ್ರಾಣದ ಪ್ರತಿಯೊಡನೆ ಹೋಲಿಸಿ ಕೆಟ್ಟದ್ದನ್ನು ಬದಲಿಸುತ್ತದೆ. ಕ್ರಮ ತಪ್ಪಬಾರದು, ಉಗ್ರಾಣವೇ ಕೆಟ್ಟಿದ್ದರೆ ಹೋಲಿಕೆಗೆ ಅರ್ಥವಿಲ್ಲ. ಡಿಸ್ಮ್ ಶೇಕಡ 62.3ಕ್ಕೆ ಬಂದು ನಿಂತುಬಿಟ್ಟಿತು. ಎಲ್ಲರಿಗೂ ಅಲ್ಲೇ ನಿಲ್ಲುತ್ತದೆ, ಕೈ ಹಾಕಬೇಡಿ ಎಂದಳು. ಈ ಬಾರಿ ವಿದ್ಯುತ್ ಹೋಗದಿರಲೆಂದು ನನ್ನಾಕೆ ದೇವರಿಗೆ ತುಪ್ಪದ ದೀಪ ಹಚ್ಚಿದ್ದು ಆಮೇಲೆ ತಿಳಿಯಿತು. ಎರಡೂ ಮುಗಿದು ಯಂತ್ರ ಮರಳಿ ಎದ್ದಾಗ ರಾತ್ರಿ ಹತ್ತೂವರೆ. ಸೆಟ್ಟಿಂಗ್ಸ್ ಒತ್ತಿದೆ. ತೆರೆಯಿತು, ತೆರೆದೇ ಇತ್ತು. ಕನ್ನಡವನ್ನು ಪಟ್ಟಿಗೆ ಸೇರಿಸಿ, ಮೊದಲು ಬರೆದದ್ದು ಆ ಹಿರಿಯರ ಹೆಸರನ್ನು.

ಲೇಖನ ಎಂಟನೆಯ ದಿನ ಸಂಪಾದಕರನ್ನು ಸೇರಿತು. ಯುಪಿಎಸ್‌ಗೆ ಹೊಸ ಬ್ಯಾಟರಿ ಬಂದಿದೆ. 2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಕಂಪನಿಯ ಸಾಮಾನ್ಯ ಬೆಂಬಲ ಮುಗಿದದ್ದರಿಂದ, ಆ ಹಳೆಯ ಯಂತ್ರವನ್ನು ಅಂತರ್ಜಾಲಕ್ಕೆ ಜೋಡಿಸದೆ ಬರವಣಿಗೆಗಷ್ಟೇ ಇಟ್ಟುಕೊಂಡಿದ್ದೇನೆ. ಸಂಚಿಕೆ ನಿಮ್ಮಲ್ಲಿ ಹಲವರ ಕೈ ಸೇರಿರಬಹುದು. ನನ್ನ ಲೇಖನದ ಎರಡನೆಯ ಪುಟದಲ್ಲಿ ಒಂದು ಒತ್ತಕ್ಷರ ಬಿದ್ದುಹೋಗಿದೆ. ಅದು ಯಂತ್ರದ ತಪ್ಪಲ್ಲ, ಕರಡು ತಿದ್ದಿದ ನನ್ನದು.